ಸಣ್ಣ ಪಾಪ, ದೊಡ್ಡ ಪಾಪ

ಹೆಬ್ಬೂರಿನಿಂದ ತುಮಕೂರಿಗೆ ಬಸ್ಸಲ್ಲಿ ಓಡಾಡೋ ನಮ್ಮ ಗುಂಪಿಗೆ ಈ ವಿಷಯ ಸಿಕ್ಕಿದ್ದು ಕ್ಯಾಥೊಲಿಕ್ ಗೆಳತಿಯಿಂದ. ಬಸವಣ್ಣನವರ ಏಳು ‘ಬೇಡ’ಗಳಲ್ಲಿ ಕೊಲೆ, ಸುಳ್ಳು ಎರಡೂ ಒಂದೇ ಪಟ್ಟಿಯಲ್ಲಿವೆ, ಮಾರ್ಕ್ಸ್ ಹಂಚಿಕೆ ಇಲ್ಲ. ಅವರಲ್ಲಿ ಇದೆ. ದೇವರ ಜೊತೆಗಿನ ಸಂಬಂಧವನ್ನೇ ಕಡಿಯೋದು ಮಾರಕ ಪಾಪ, ಅದಕ್ಕೆ ಗಾಯ ಮಾಡೋದು ಲಘು ಪಾಪ.

ಮಾರಕ ಅನ್ನಿಸಿಕೊಳ್ಳಲು ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಪೂರ್ತಿ ಗೊತ್ತಿರಬೇಕು, ಬೇಕಂತಲೇ ಮಾಡಿರಬೇಕು. ನಮಗಿದು ಥೇಟ್ ಆಂಡ್ ಗೇಟ್! ಒಂದು ಇನ್‌ಪುಟ್ ಸೊನ್ನೆಯಾದರೂ ಔಟ್‌ಪುಟ್ ಸೊನ್ನೆ. ಆದರೆ ಇಲ್ಲಿ ಸೊನ್ನೆ ಅಂದರೆ ‘ಮಾರಕ ಅಲ್ಲ’ ಅಂತಷ್ಟೇ, ‘ತಪ್ಪೇ ಅಲ್ಲ’ ಅಂತಲ್ಲ.

ಹಾಗಾದರೆ ಲ್ಯಾಬಲ್ಲಿ ಪ್ರಯೋಗ ಮಾಡದೆ ರೀಡಿಂಗ್ ಬರೆಯೋದು? ಗೊತ್ತಿದ್ದು, ಬೇಕಂತಲೇ ಮಾಡೋದು, ಆದರೆ ವಿಷಯ ಸಣ್ಣದು. ಲಘು ಅಂತ ನಾವು ತೀರ್ಪು ಕೊಟ್ಟೆವು. ಗೆಳತಿ ಬಿಡಲಿಲ್ಲ. ಬೇಕಂತಲೇ ಮಾಡಿ, ಪಶ್ಚಾತ್ತಾಪವನ್ನೂ ಪಡದ ಲಘು ಪಾಪ ನಮ್ಮನ್ನು ಮೆಲ್ಲಗೆ ಮಾರಕ ಪಾಪಕ್ಕೆ ಸಜ್ಜು ಮಾಡುತ್ತೆ ಅಂತ 1992ರಲ್ಲಿ ಹೊರಬಂದ ಅವರ ಧರ್ಮೋಪದೇಶ ಗ್ರಂಥ ಹೇಳುತ್ತಂತೆ.

ನಾಳೆ ಅದೇ ಕೈ ಸೇತುವೆಯ ಕಾಂಕ್ರೀಟ್ ಕ್ಯೂಬನ್ನು 28 ದಿನ ಕಾದು ಒತ್ತಿ ನೋಡದೆಯೇ ಅದರ ಬಲ ಬರೆಯಬಹುದು. ಆಗ ವಿಷಯ ಸಣ್ಣದಾಗಿರಲ್ಲ. ಗೇಟಿನ ಉಳಿದೆರಡು ಇನ್‌ಪುಟ್ ಮೊದಲೇ 1 ಆಗಿರುತ್ತವೆ.