145ರ ಪಂಡಿತ

ಐಸಿಯುನಲ್ಲಿ ಡಯಾಲಿಸಿಸ್ ಹಾಕಿದರೆ ರೋಗಿಯ ಬಿಪಿ ಕುಸಿಯುವುದು ನಮಗೆ ನಿತ್ಯದ ತಲೆನೋವು. ಡಯಾಲಿಸಿಸ್ ದ್ರವದ ಸೋಡಿಯಂ 145ಕ್ಕೆ ಏರಿಸಿ, ದ್ರವವನ್ನು ತುಸು ತಣ್ಣಗಿಡಿ ಎಂದು 2000ದಲ್ಲಿ ಫ್ರಾನ್ಸಿನ ವೈದ್ಯರು ಬರೆದಿದ್ದರು. ಹೊಸದಾಗಿ ನೆಫ್ರಾಲಜಿಗೆ ಸೇರಿದ್ದ ನಾನು ಅದನ್ನು ಓದಿದ್ದೇ ತಡ, ಸಿಕ್ಕಸಿಕ್ಕವರಿಗೆಲ್ಲ ಪಾಠ ಮಾಡತೊಡಗಿದೆ.

ಕರಾವಳಿಯ ಮಳೆಗಾಲ. ಇಲಿಜ್ವರದಿಂದ ಕಿಡ್ನಿ ಕೈಕೊಟ್ಟಿದ್ದ ಗದ್ದೆ ಕೆಲಸದವರೊಬ್ಬರು ಬಂದರು. ಬಿಪಿ ತಳ ಹಿಡಿದಿತ್ತು. ಟೆಕ್ನೀಷಿಯನ್ ನನಗಿಂತ ಹಿರಿಯರು. “ಡಾಕ್ಟ್ರೇ, ಸೋಡಿಯಂ ಎಷ್ಟಿಡುವ?” ಎಂದರು. “145.” “ಇವರ ರಿಪೋರ್ಟ್ ನೋಡಿದ್ರಾ?” ನೋಡಿದ್ದೆ, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ. ಸೋಡಿಯಂ ಕೆಳಗಿನ ಸಾಲಿನಲ್ಲಿತ್ತು: 114. “ಹೇಳಿದಷ್ಟು ಮಾಡಿ” ಎಂದೆ. ಆ ದನಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಿಪಿ ನಿಂತಿತು, ನಾನು ಬೀಗಿದೆ. 4 ಗಂಟೆ ಕಳೆದು ಬಂದ ಸೋಡಿಯಂ 129. ದಿನಗಟ್ಟಲೆಯಿಂದ ಇಳಿದಿರುವ ಸೋಡಿಯಂ ಅನ್ನು 24 ಗಂಟೆಯಲ್ಲಿ 8ಕ್ಕಿಂತ ಹೆಚ್ಚು ಏರಿಸಬಾರದು ಎಂಬುದು ಎಂಬಿಬಿಎಸ್ ಹುಡುಗರಿಗೂ ಗೊತ್ತು. ಹಾಗೆ ಏರಿಸಿದರೆ, ಕಡಿಮೆ ಸೋಡಿಯಂಗೆ ಒಗ್ಗಿಕೊಂಡ ಮಿದುಳಿನ ಕೋಶಗಳು ಉಪ್ಪು ಹಚ್ಚಿದ ಮಾವಿನಹೋಳಿನಂತೆ ನೀರು ಬಿಟ್ಟು ಮುದುಡುತ್ತವೆ. ನರತಂತುಗಳ ಹೊದಿಕೆಯೇ ಹಾಳಾಗಬಹುದು. ಮಾತು ತೊದಲುವುದು, ನುಂಗಲಾಗದಿರುವುದು, ಕೈಕಾಲು ಸೋಲುವುದು, ಎಲ್ಲ ಕೆಲವು ದಿನ ಬಿಟ್ಟು ಕಾಣಿಸಿಕೊಳ್ಳುತ್ತವೆ.

ಪ್ರೊಫೆಸರ್ ಬೈಯಲಿಲ್ಲ. ಡೆಕ್ಸ್‌ಟ್ರೋಸ್ ಹಾಕಿಸಿ ಸೋಡಿಯಂ ಇಳಿಸಿದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು. ನಾನು ದಿನವೂ ರೋಗಿಯ ಹತ್ತಿರ ಹೋಗಿ, ಊಟ ಏನು, ಊರು ಯಾವುದು ಎಂದು ಮಾತಿಗೆಳೆಯುತ್ತಿದ್ದೆ. ಇಷ್ಟು ಅಕ್ಕರೆಯ ಡಾಕ್ಟರನ್ನು ಕಂಡೇ ಇಲ್ಲವೆಂದು ಅವರ ಹೆಂಡತಿ ಹೊಗಳುತ್ತಿದ್ದರು. ನಾನು ಕಿವಿಗೊಡುತ್ತಿದ್ದದ್ದು ರೋಗಿಯ ನಾಲಿಗೆ ಎಲ್ಲಾದರೂ ತೊದಲುತ್ತದೆಯೋ ಎಂದು.

ತೊದಲಲಿಲ್ಲ. ಮೈಯಲ್ಲಿ ತುಂಬಿಕೊಂಡ ಯೂರಿಯಾ ಇಂಥವರ ಮಿದುಳಿಗೆ ತುಸು ರಕ್ಷಣೆ ಕೊಡುತ್ತದೆಂಬ ವಾದವಿದೆ. ಹಾಗಿದ್ದರೆ ಅವರನ್ನು ಕಾಪಾಡಿದ್ದು ನಾನು ತೊಳೆಯಲು ಹೊರಟಿದ್ದ ಕಲ್ಮಶವೇ.

ಫ್ರಾನ್ಸಿನವರ ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು 114ರ ರೋಗಿಗೆ ಹಚ್ಚಿದವನು ನಾನು. ಸಾಮಾನ್ಯವಾಗಿ ಯಂತ್ರದ ಸೋಡಿಯಂ 130ರ ಆಸುಪಾಸಿನಿಂದ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಇಂಥ ರೋಗಿ ಬಂದರೆ ಈಗ ರಕ್ತದ ಹರಿವನ್ನು ನಿಮಿಷಕ್ಕೆ 50 ಮಿಲಿಗೆ ತಗ್ಗಿಸಿ, ಡಯಾಲಿಸಿಸ್ ಬೇಗ ಮುಗಿಸಿ, ನಡುನಡುವೆ ಸೋಡಿಯಂ ನೋಡುತ್ತೇವೆ.

ನಿಮ್ಮವರಿಗೆ ಐಸಿಯುನಲ್ಲಿ ಡಯಾಲಿಸಿಸ್ ಎಂದಾಗ, ಇವತ್ತಿನ ಸೋಡಿಯಂ ಎಷ್ಟು ಎಂದು ಒಂದು ಮಾತು ಕೇಳಿ. ಡಾಕ್ಟರಿಗೆ ಸಿಟ್ಟು ಬಂದರೆ ಬರಲಿ.