ಹಾಡಲೊಲ್ಲದ ಸಿ.ಡಿ.
ಹಳೆಯ ಕಾರಿನ ಪ್ಲೇಯರ್‌ಗೆ ಅಂಗಡಿಯ ಸಿ.ಡಿ. ಎಂದರೆ ಒಲವು, ಮನೆಯಲ್ಲಿ ಬರೆದದ್ದೆಂದರೆ ಮುನಿಸು. ತೀರಿಕೊಂಡ ನನ್ನಾಕೆ ಹಾಡಿದ್ದ ದೇವರನಾಮಗಳನ್ನು ಮೊಮ್ಮಗ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗಿಳಿಸಿ, ಎಂಪಿ3 ಮಾಡಿ ಸಿ.ಡಿ.ಗೆ ಹಾಕಿಕೊಟ್ಟ. ಪ್ಲೇಯರ್ ಅದನ್ನು ಹೊರಗೆ ತಳ್ಳಿತು. ಅಂಥ ಪ್ಲೇಯರ್‌ಗಳಿಗೆ ಎಂಪಿ3 ತಿಳಿಯದು. ಬರೆಯುವಾಗ ‘ಆಡಿಯೋ ಸಿ.ಡಿ.’ ಎಂದೇ ಆರಿಸಬೇಕು. ಆಗ ಹಿಡಿಸುವುದು ಸುಮಾರು 80 ನಿಮಿಷದ ಹಾಡು ಮಾತ್ರ. ಅಳಿಸಿ ಬರೆಯುವ ಸಿ.ಡಿ. ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರ್ ಓದಲು ತಡವರಿಸುತ್ತದೆ. ಒಮ್ಮೆ ಮಾತ್ರ ಬರೆಯುವ ಸಿ.ಡಿ.-ಆರ್ ಒಳ್ಳೆಯದು. ಮೇಲೆ ಕಾಗದದ ಚೀಟಿ ಅಂಟಿಸಬೇಡಿ, ಎದ್ದು ಒಳಗೆ ಸಿಕ್ಕಿಕೊಂಡೀತು. ಇಷ್ಟೆಲ್ಲ ಆದ ಮೇಲೆ ಆಕೆಯ ದನಿ ಕಾರಿನಲ್ಲಿ ಕೇಳಿಸಿತು. ಬಿಸಿಲಿಗೆ ಸಿ.ಡಿ. ಕೆಟ್ಟರೆ ಇನ್ನೊಂದು ಬರೆಯಬಹುದು. ಮೂಲ ಕ್ಯಾಸೆಟ್ಟನ್ನು ಮಾತ್ರ ಮನೆಯಲ್ಲೇ ಜೋಪಾನವಾಗಿಡಿ.