ಪಟ್ಟಿಯಲ್ಲಿ ಬಿಟ್ಟುಹೋದದ್ದು

ಕೆಲವು ವರ್ಷಗಳ ಹಿಂದಿನ ಮಾತು. ವಿದ್ಯಾರ್ಥಿಗಳ ಕಾರ್ಯಕ್ರಮವೊಂದರಲ್ಲಿ ಮಾತನಾಡಲು ನನ್ನನ್ನು ಕರೆದಿದ್ದರು. ವಿಷಯ, ಕರ್ನಾಟಕದ ಇತಿಹಾಸದಲ್ಲಿ ಮುಸ್ಲಿಮ್ ಮಹನೀಯರು. ಇಂತಹ ಭಾಷಣಕ್ಕೆ ಒಂದು ಪಟ್ಟಿ ಇದ್ದರೆ ಸಾಕು. ನನ್ನ ಪಟ್ಟಿಯಲ್ಲಿ ಸರ್ ಮಿರ್ಜಾ ಇಸ್ಮಾಯಿಲ್‌ರಿಗೆ ಯಾವಾಗಲೂ ದೊಡ್ಡ ಪಾಲು.

ಅಂದೂ ಉತ್ಸಾಹದಿಂದಲೇ ಹೇಳಿದೆ. ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದ ಆಗಾ ಅಲಿ ಅಸ್ಕರ್‌ರ ಮೊಮ್ಮಗ ಅವರು. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಿಂದ 1941ರವರೆಗೆ ಮೈಸೂರಿನ ದಿವಾನ. ಕನ್ನಂಬಾಡಿಯ ಬೃಂದಾವನ, ಮಂಡ್ಯದ ಸಕ್ಕರೆ ಕಾರ್ಖಾನೆ, ಬೆಂಗಳೂರಿನ ಪುರಭವನ, 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ, ಎಲ್ಲವೂ ಅವರ ಆಡಳಿತಾವಧಿಯವು. ಅವರು ಮುಂದೆ ಪ್ರಧಾನಿಯಾಗಿದ್ದ ಜೈಪುರದಲ್ಲಿ ಅವರ ಹೆಸರಿನ ರಸ್ತೆ ಇಂದಿಗೂ ಇದೆ. ಜೋರು ಚಪ್ಪಾಳೆ ಬಿತ್ತು.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಮ್ಮದು ಗೌರಿಬಿದನೂರು ಕಡೆ. ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದಾಗ ದಿವಾನರು ಯಾರಿದ್ದರು?"

ಸಭೆ ಮೌನವಾಯಿತು. ಉತ್ತರ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಮಯವಾಯಿತೆಂದು ಸಂಘಟಕರು ವಾಚು ತೋರಿಸಿದರು. ಅದನ್ನೇ ನೆಪ ಮಾಡಿಕೊಂಡು ಇಳಿದುಬಿಡೋಣ ಎಂದು ಒಂದು ಕ್ಷಣ ನನಗೂ ಅನಿಸಿತು.

ಏಕೆ ಹಾಗನಿಸಿತು? ನಮ್ಮ ಪಟ್ಟಿ ಇತಿಹಾಸವಲ್ಲ, ಅರ್ಜಿಗೆ ಲಗತ್ತಿಸುವ ಸರ್ಟಿಫಿಕೇಟು. ಈ ನಾಡಿಗೆ ನೀವೇನು ಕೊಟ್ಟಿರಿ ಎಂದು ಪದೇ ಪದೇ ಕೇಳಿಸಿಕೊಂಡವರು ಅದನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಸರ್ಟಿಫಿಕೇಟಿನಲ್ಲಿ ತಪ್ಪುಗಳಿಗೆ ಜಾಗವಿರುವುದಿಲ್ಲ. ಆದರೆ ಸಾಕ್ಷ್ಯ ನಮ್ಮವರ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂದು ಕುರ್‌ಆನ್ ಕಲಿಸಿದೆಯಲ್ಲವೇ?

ಮತ್ತೆ ಮೈಕಿನ ಮುಂದೆ ನಿಂತೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆ ಮೀರಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದಿತು ಸರಕಾರ. ಮೂವತ್ತಕ್ಕೂ ಹೆಚ್ಚು ಎಂದರು ಜನರು. ಆ ಸರಕಾರದ ಮುಖ್ಯಸ್ಥರು ಮಿರ್ಜಾ ಸಾಹೇಬರೇ. ಆನಂತರ ಸರ್ದಾರ್ ಪಟೇಲರೊಡನೆ ಮಾತುಕತೆ ನಡೆಯಿತು. ಮೈಸೂರಿನ ಧ್ವಜದ ಜೊತೆ ಕಾಂಗ್ರೆಸ್ ಧ್ವಜ ಹಾರಿಸಲು ಅನುಮತಿ ಸಿಕ್ಕಿತು. ಇದೂ ಅದೇ ದಿವಾನರ ಕಾಲದ್ದು. ಆದರೆ ಸತ್ತವರು ಮರಳಿ ಬರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿ ಹತ್ತಿರ ಬಂದು ಸಲಾಮ್ ಹೇಳಿದಳು. "ನಮ್ಮ ದಾದಾ ಈ ಕಥೆ ಹೇಳ್ತಿದ್ರು ಸರ್. ಸ್ಟೇಜಿನ ಮೇಲೆ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ."

ಮಿರ್ಜಾ ಇಸ್ಮಾಯಿಲ್ ನನ್ನ ಕಣ್ಣಲ್ಲಿ ಅಂದು ಸಣ್ಣವರಾಗಲಿಲ್ಲ. ಹೊಗಳಿಕೆಯೊಂದೇ ಸಲ್ಲುವವರು ಅತಿಥಿಗಳು. ಮನೆಯವರ ತಪ್ಪನ್ನಾದರೆ ಮನೆಯಲ್ಲಿ ಕುಳಿತೇ ಮಾತನಾಡುತ್ತೇವೆ. ಅವರು ಈ ನಾಡಿನ ಮನೆಯವರು. ನಾವೂ ಅಷ್ಟೇ.